ಆಣೆಯ ತಾರೀಖು

ಲಲ್ಲಾ ಮೆನ್ನಾನಾ ಬಂದಾಗ ಅಜ್ಜಿ, ಅಮ್ಮ, ನಾನು ಮೂವರೂ ಅಂಗಳದಲ್ಲಿ ಕೂತು ಮೀನಿನ ತಲೆ ಕೀಳುತ್ತಿದ್ದೆವು. ಅವಳು ಎದುರು ಮನೆಯವಳು, ಹಿರಿಯ ಹೆಂಗಸರನ್ನು ನಾವು ಲಲ್ಲಾ ಅನ್ನುತ್ತೇವೆ. ಅಜ್ಜಿಯ ವಯಸ್ಸು, ಗಂಡ ಇಲ್ಲ, ಒಂಟಿ ಜೀವ. ದಿನಕ್ಕೆ ಎಷ್ಟೋ ಸಲ ಬಂದು ಹೋಗುತ್ತಾಳೆ, ಕರೆಯುವುದೂ ಬೇಡ, ಕೂರು ಅನ್ನುವುದೂ ಬೇಡ. ಅವತ್ತು ಮಾತ್ರ ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತಳು.

"ಬತೂಲ್, ನನ್ನ ಡಾಬು ಬೇಕಿತ್ತು ಕಣೇ. ಮೊಮ್ಮಗಳಿಗೆ ಗಂಡು ಗೊತ್ತಾಯ್ತು."

ಅಜ್ಜಿ ಕೈಯಲ್ಲಿದ್ದ ಮೀನು ಹಾಗೇ ಹಿಡಿದುಕೊಂಡು ತಲೆ ಎತ್ತಿದಳು. "ಒಳ್ಳೇದಾಯ್ತು. ಯಾವ ಡಾಬು?"

"ಯಾವ ಡಾಬು ಅಂದ್ರೆ? ನಿನ್ನ ಮೊಮ್ಮಗಳು ಗಿಜ್ಲಾನ್ ಮದ್ವೆಗೆ ಇಸ್ಕೊಂಡಿದ್ಯಲ್ಲ, ಚಿನ್ನದ ನೀರಿಂದು."

"ಅಯ್ಯೋ, ಅದನ್ನ ಮದ್ವೆ ಆದ ವಾರಕ್ಕೇ ಕೊಟ್ಟಾಯ್ತಲ್ಲೇ!"

"ಯಾರ ಕೈಗೆ ಕೊಟ್ಟೆ?"

"ಇನ್ಯಾರ ಕೈಗೆ? ನಿನ್ನ ಕೈಗೆ. ಸೊಸೆ ಹತ್ರ ಕಳಿಸಿದ್ದೆ. ಅಲ್ವೇನೇ?" ಅಜ್ಜಿ ಅಮ್ಮನ ಕಡೆ ತಿರುಗಿದಳು.

ಅಮ್ಮ ಮೀನಿನ ಬುಟ್ಟಿಯಿಂದ ಕಣ್ಣೆತ್ತಲಿಲ್ಲ. "ಹ್ಞೂಂ ಅತ್ತೆ," ಅಂದಳು.

ನಮ್ಮ ಓಣಿಯಲ್ಲಿ ಮದುವೆಯ ಒಡವೆ ಮನೆಯಿಂದ ಮನೆಗೆ ತಿರುಗುತ್ತದೆ. ಮೆನ್ನಾನಾಳ ಡಾಬು ಓಣಿಯ ಅರ್ಧ ಹೆಣ್ಣುಮಕ್ಕಳ ಸೊಂಟ ನೋಡಿದೆ. ಕೊಡುವಾಗ ಯಾರೂ ಬರೆದಿಡುವುದಿಲ್ಲ, ಸಾಕ್ಷಿಗೆ ಇನ್ನೊಬ್ಬರನ್ನು ಕರೆಯುವುದಿಲ್ಲ. ಹಾಗೆ ಕರೆದರೆ ಇಸಿದುಕೊಳ್ಳುವವಳ ಮುಖಕ್ಕೆ ಉಗುಳಿದ ಹಾಗೆ. ವಾಪಸು ಕೇಳುವುದೂ ಹಾಗೇ, ಕೊಟ್ಟವಳಿಗೇ ನಾಚಿಕೆ. ಅದಕ್ಕೇ ಮೆನ್ನಾನಾ ಬೇಸಿಗೆಯಿಂದ ಬಾಯಿ ಬಿಟ್ಟಿರಲಿಲ್ಲ. ಈಗ ಚಳಿ ಶುರುವಾಗಿತ್ತು.

"ಬತೂಲ್, ನನಗೆ ಮರೆವು ಬಂದಿಲ್ಲ."

"ನನಗೆ ಬಂದಿದೆ ಅಂತೀಯಾ?"

"ಮರೆವಾಗಿದ್ರೆ ಒಳ್ಳೇದೇ. ಇನ್ನೊಂದು ಇದ್ಯಲ್ಲ, ಅದಾಗದಿದ್ರೆ ಸಾಕು."

ಅಜ್ಜಿ ಎದ್ದು ನಿಂತಳು. ಆಮೇಲೆ ಇಬ್ಬರೂ ಆಡಿದ ಮಾತು ಓಣಿಯ ತುದಿಯ ಬ್ರೆಡ್ಡಿನ ಒಲೆಯವರೆಗೂ ಕೇಳಿಸಿತು. ನಲವತ್ತು ವರ್ಷದ ಹಿಂದಿನ ಬಾಣಂತನ, ಯಾವತ್ತೋ ಕೊಟ್ಟ ಒಂದು ಬಟ್ಟಲು ಬೆಣ್ಣೆ, ಎಲ್ಲ ಹೊರಗೆ ಬಂತು. ಕೊನೆಗೆ ಮೆನ್ನಾನಾ ತನ್ನ ಬಾಗಿಲು ಎಷ್ಟು ಜೋರಾಗಿ ಹಾಕಿಕೊಂಡಳೆಂದರೆ ನಮ್ಮ ಗೋಡೆಯ ಸುಣ್ಣ ಉದುರಿತು.

ಅಪ್ಪ ಕೆಲಸ ಮುಗಿಸಿ ಬಂದಾಗ ಮೀನು ತಣ್ಣಗಾಗಿತ್ತು. ಅಪ್ಪನದು ಗೋಡೆಗುಂಟ ಹಾಕುವ ಕೂರುಹಾಸಿಗೆ ಹೊಲಿಯುವ ಅಂಗಡಿ. ಬರುವಾಗ ಮೈತುಂಬ ಉಣ್ಣೆಯ ಎಳೆ ಅಂಟಿಕೊಂಡಿರುತ್ತದೆ.

"ನಮ್ಮಮ್ಮನ್ನ ಕಳ್ಳಿ ಅಂದ್ಲಾ ಅವಳು?"

"ಹಾಗಂತ ಅನ್ನಲಿಲ್ಲ," ಅಂದಳು ಅಮ್ಮ.

"ಅನ್ನಲಿಲ್ಲ, ಆದ್ರೆ ಅಂದ್ಲು," ಅಂದಳು ಅಜ್ಜಿ.

ಅಪ್ಪ ಊಟ ಬಿಟ್ಟು ಚಹದಂಗಡಿಗೆ ಹೋದ. ಅಲ್ಲಿ ಗಂಡಸರು ಆಗಲೇ ಇದೇ ಮಾತಾಡುತ್ತಿದ್ದರು. ಯಾರೋ ನಕ್ಕರಂತೆ. ಅಪ್ಪ ಮೇಜು ಗುದ್ದಿ ಅಂದನಂತೆ: "ನನ್ನ ಮನೇಲಿ ಯಾವಳಾದ್ರೂ ಆ ಡಾಬು ನುಂಗಿದ್ರೆ, ಹರಾಮ್ ಆಣೆಗೂ ಹೇಳ್ತೀನಿ, ಅವಳು ಇನ್ನೊಂದು ರಾತ್ರಿ ನನ್ನ ಸೂರಿನ ಕೆಳಗೆ ಮಲಗೋ ಹಾಗಿಲ್ಲ!"

ಹರಾಮ್ ಆಣೆ ಅಂದರೆ ಸುಮ್ಮನೆ ಬಾಯಿಗೆ ಬಂದ ಆಣೆಯಲ್ಲ. ಗಂಡಸು ತನ್ನ ಸಂಸಾರವನ್ನೇ ಪಣಕ್ಕಿಟ್ಟ ಹಾಗೆ, ತಪ್ಪಿದರೆ ಹೆಂಡತಿ ಅವನಿಗೆ ಹರಾಮ್, ನಿಷಿದ್ಧ. ಆಡಿದ ಮೇಲೆ ತಪ್ಪಿದರೆ ಅವನಿಗೆ ಆ ಅಂಗಡಿಯಲ್ಲಿ ಇನ್ನು ಯಾರೂ ಕುರ್ಚಿ ಎಳೆದು ಕೊಡುವುದಿಲ್ಲ. ಈ ಸುದ್ದಿ ಅಪ್ಪನಿಗಿಂತ ಮೊದಲೇ ಮನೆಗೆ ಬಂತು. ಅಜ್ಜಿಗೆ ಕೇಳಿ ಹೆಮ್ಮೆಯಾಯಿತು. ಅಮ್ಮ ಪಾತ್ರೆ ತೊಳೆಯುತ್ತಿದ್ದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಸ್ವಲ್ಪ ದಿನಕ್ಕೆ ಕೋರ್ಟಿನ ಸಮನ್ಸು ಬಂತು. ಅಜ್ಜಿಗೆ ಓದು ಬರದು. ನಾನೇ ಗಟ್ಟಿಯಾಗಿ ಓದಿದೆ: ವಾದಿ ಮೆನ್ನಾನಾ, ಪ್ರತಿವಾದಿ ಬತೂಲ್, ಒಂದು ಡಾಬು ಅಥವಾ ಅದರ ಬೆಲೆ.

"ಕೋರ್ಟಿಗಾ! ನಾನಾ!" ಅಜ್ಜಿ ಎದೆಗೆ ಕೈ ಇಟ್ಟುಕೊಂಡಳು. "ಜೈಲಿಗೆ ಹಾಕ್ತಾರೇನೇ ಹಸ್ನಾ?"

ನನಗೆ ನಗು ಬಂತು. ಫೋನಿನಲ್ಲಿ ಎಲ್ಲ ನೋಡಿಯಾಗಿತ್ತು. "ಜೈಲೂ ಇಲ್ಲ ಏನೂ ಇಲ್ಲ ಅಜ್ಜಿ. ಇದು ಸಣ್ಣ ವ್ಯಾಜ್ಯದ ಕೋರ್ಟು. ನೆರೆಹೊರೆ ಜಗಳಕ್ಕೇ ಅಂತ ಇರೋದು. ವಕೀಲರು ಬೇಡ, ಫೀಸಿಲ್ಲ. ಹೋಗಿ ನಿಂತು ಬಾಯಲ್ಲಿ ಹೇಳೋದು, ಅಷ್ಟೇ. ಹೊಸ ಸ್ಕಾರ್ಫ್ ಹಾಕ್ಕೊಂಡು ಬಾ, ಫೋಟೋ ತೆಗೀತೀನಿ."

"ಫೋಟೋ ಅಂತೆ! ನಿನ್ನ ಮದ್ವೆಯಾ ಅದು?" ಅಂದ ಅಪ್ಪ. "ಆ ಫೋನು ಒಳಗಿಡು."

ಕೋರ್ಟು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ನಮ್ಮ ಶಾಲೆಯ ಕೋಣೆಯ ಹಾಗೇ ಬೆಂಚು, ಒಡೆದ ಒಂದು ಕಿಟಕಿ, ಗೋಡೆಯ ಮೇಲೆ ನಮ್ಮ ದೇಶದ ರಾಜನ ಪಟ. ನಮಗಿಂತ ಮುಂಚೆ ಒಬ್ಬ ಬಣ್ಣ ಬಳಿಯುವವನ ಕೂಲಿ ತಕರಾರು, ಆಮೇಲೆ ಸತ್ತ ಕುರಿಯ ಜಗಳ. ನ್ಯಾಯಾಧೀಶೆ ಅಕ್ಕನ ವಯಸ್ಸಿನವಳು. ಕುರಿಯ ಜಗಳ ಕೇಳಿ ಕೇಳಿ ಸುಸ್ತಾಗಿದ್ದಳು.

"ಅಮ್ಮಾ, ಇಬ್ಬರೂ ಅಕ್ಕಪಕ್ಕದವರು. ರಾಜಿ ಮಾಡ್ಕೊಳ್ಳಿ ಅಲ್ವಾ?" ಅಂದಳು.

"ನಾನು ಕೊಟ್ಟಿದ್ದೀನಿ," ಅಂದಳು ಅಜ್ಜಿ.

"ನನಗೆ ಬಂದಿಲ್ಲ," ಅಂದಳು ಮೆನ್ನಾನಾ.

"ಸಾಕ್ಷಿ ಯಾರಾದ್ರೂ ಇದಾರಾ?"

"ಡಾಬು ಕೊಡೋಕೆ ಯಾರಾದ್ರೂ ಸಾಕ್ಷಿ ಕರ್ಕೊಂಡು ಹೋಗ್ತಾರೇನಮ್ಮಾ?" ಮೆನ್ನಾನಾ ಕೇಳಿದಳು. ಹಿಂದಿನ ಬೆಂಚಿನ ಹೆಂಗಸರೆಲ್ಲ "ಅದೂ ಸರಿ" ಅಂದರು. ಜವಾನ ಮೇಜು ತಟ್ಟಿದ.

ಅಪ್ಪ ಎದ್ದ. "ಮೇಡಂ, ನನ್ನ ಹೆಂಡತೀನೇ ಕೊಟ್ಟು ಬಂದಿದ್ದು. ಅವಳನ್ನ ಕೇಳಿ."

ಅಮ್ಮ ನನ್ನ ಕೈ ಹಿಡಿದಳು.

"ಅದೇ ಮನೆಯವರ ಸಾಕ್ಷಿ ನಡೆಯಲ್ಲ," ಅಂದಳು ನ್ಯಾಯಾಧೀಶೆ. "ಕೂತ್ಕೊಳ್ಳಿ."

"ಸೊಸೇನ ಯಾಕೋ ಎಳೀತೀಯ?" ಅಜ್ಜಿ ಅಪ್ಪನನ್ನು ಗದರಿದಳು. "ಇಸ್ಕೊಂಡವಳು ನಾನು. ಮಾತು ನಂದು."

ಆಗ ಮೆನ್ನಾನಾ ಒಂದು ಹೆಜ್ಜೆ ಮುಂದೆ ಬಂದಳು. "ನನ್ನ ಹತ್ರ ಕಾಗದ ಇಲ್ಲ, ಸಾಕ್ಷಿ ಇಲ್ಲ. ಅವಳ ಬಾಯಿ ಒಂದಿದೆ. ದೇವರ ಹೆಸರಲ್ಲಿ ಆಣೆ ಮಾಡ್ಲಿ, ಡಾಬು ನನ್ನ ಮನೆಗೆ ವಾಪಸ್ ಬಂದಿದೆ ಅಂತ. ಮಾಡಿದ ಮೇಲೆ ನಾನು ಒಂದು ಮಾತಾಡಲ್ಲ. ಎದ್ದು ಮನೆಗೆ ಹೋಗ್ತೀನಿ."

ಕಾನೂನಿನಲ್ಲಿ ಇದಕ್ಕೆ ಜಾಗ ಇದೆ. ಬೇರೆ ಪುರಾವೆ ಇಲ್ಲದಾಗ ಒಬ್ಬರು ಇನ್ನೊಬ್ಬರಿಂದ ಆಣೆ ಕೇಳಬಹುದು. ಮಾಡಿದರೆ ವ್ಯಾಜ್ಯ ಅಲ್ಲಿಗೇ ಮುಗಿಯಿತು. ಮಾಡದಿದ್ದರೆ ಸೋತ ಹಾಗೆ. ಮೇಲ್ಮನವಿಯೂ ಇಲ್ಲ. ನ್ಯಾಯಾಧೀಶೆ ಆಣೆಗೆ ಬೇರೆ ತಾರೀಖು ಕೊಟ್ಟಳು.

ಮನೆಗೆ ಬರುವಾಗ ಅಜ್ಜಿ ಹುಡುಗಿಯ ಹಾಗೆ ನಡೆದಳು. "ಅಷ್ಟೇನಾ? ಇಷ್ಟಕ್ಕೆ ನಾನು ನಿದ್ದೆಗೆಟ್ಟೆನಲ್ಲ! ನಿಜ ಹೇಳೋಕೆ ಭಯ ಯಾಕೆ?"

"ಫ್ರೀ ಬೇರೆ ಅಜ್ಜಿ," ಅಂದೆ ನಾನು. ದಾರಿಯಲ್ಲಿ ಕಡಲೆ ಕೊಂಡು ತಿಂದೆವು. ಅಮ್ಮ ತಿನ್ನಲಿಲ್ಲ.

ಮಾರನೆಯ ದಿನ ತಾರಸಿಗೆ ಬಟ್ಟೆ ಕ್ಲಿಪ್ಪಿನ ಡಬ್ಬ ತೆಗೆದುಕೊಂಡು ಹೋದೆ. ಒಗೆದ ಹಾಸುಬಟ್ಟೆಗಳ ಹಿಂದೆ ಅಮ್ಮ ಫೋನಿನಲ್ಲಿದ್ದಳು.

"ಇನ್ನೊಂದ್ಸಲ ಕೇಳೇ ತೂರಿಯಾ. ಆ ಬಸ್ಸಿನವನನ್ನ ಮತ್ತೆ ಕೇಳು. ನಿನ್ನ ಕಾಲಿಗೆ ಬೀಳ್ತೀನಿ ಕಣೇ. ಅತ್ತೆ ಆಣೆ ಮಾಡ್ತಾ ಇದಾರೆ... ಅಳ್ಬೇಡ, ನೀನು ಅತ್ರೆ ಡಾಬು ಬರತ್ತಾ?"

ತೂರಿಯಾ ನನ್ನ ಚಿಕ್ಕಮ್ಮ, ಬೇರೆ ಊರಿನಲ್ಲಿರುತ್ತಾಳೆ. ನನ್ನ ಕೈಯಿಂದ ಡಬ್ಬ ಬಿದ್ದು ಕ್ಲಿಪ್ಪೆಲ್ಲ ಚೆಲ್ಲಿತು. ಅಮ್ಮ ಹಾಸುಬಟ್ಟೆ ಸರಿಸಿ ನೋಡಿದಳು. ನನ್ನ ಬಾಯಿ ಮುಚ್ಚುವವಳ ಹಾಗೆ ಓಡಿ ಬಂದಳು.

"ಯಾರಿಗೂ ಹೇಳ್ಬೇಡ. ನನ್ನ ಮೇಲಾಣೆ... ಬೇಡ, ಆಣೆ ಬೇಡ. ಸುಮ್ನೆ ಹೇಳ್ಬೇಡ."

"ಡಾಬು ಕೊಡ್ಲೇ ಇಲ್ವಾ ನೀನು?"

"ಕೊಡೋಕೇ ಹೊರಟಿದ್ದೆ. ಬಟ್ಟೇಲಿ ಸುತ್ತಿ ಕೈಲಿ ಹಿಡ್ಕೊಂಡಿದ್ದೆ. ತೂರಿಯಾ ಎದುರಿಗೆ ಬಂದ್ಲು. ಅವಳ ನಾದಿನಿ ಮದ್ವೆ, ಸೊಂಟಕ್ಕೆ ಏನೂ ಇಲ್ಲ, ಗಂಡಿನ ಕಡೆಯವರು ಆಡ್ಕೋತಾರೆ, ಒಂದು ವಾರ ಅಕ್ಕಾ ಅಂದ್ಲು. ಕೊಟ್ಟೆ. ಅವಳು ಬರೋವಾಗ ಬಸ್ಸಲ್ಲಿ ಬ್ಯಾಗ್ ಬಿಟ್ಲು."

"ಹೇಳ್ಬಿಡಮ್ಮ. ಕಳೆದ್ಹೋಯ್ತು ಅಂದ್ರೆ ಯಾರು ಏನ್ ಮಾಡ್ತಾರೆ?"

"ನಿಮ್ಮಪ್ಪ ಚಹದಂಗಡೀಲಿ ಏನಂದ್ರು? ಹರಾಮ್ ಆಣೆ ಮಾಡಿದಾರೆ. ನಾನು ಬಾಯಿ ಬಿಟ್ಟ ದಿನ ನನ್ನ ಗಂಟುಮೂಟೆ ಬೀದೀಲಿರತ್ತೆ. ಎಲ್ಲಿಗೆ ಹೋಗ್ಲಿ? ಅಪ್ಪನ ಮನೇನ ಅಣ್ಣ ಮಾರಿದಾನೆ. ತೂರಿಯಾ ಮನೇಲಿ ಒಂದೇ ಕೋಣೆ, ಐದು ಜನ."

"ಬಾಯಿ ಬಿಡದಿದ್ರೆ?"

ಅಮ್ಮ ಕ್ಲಿಪ್ಪುಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಕ್ಕೆ ಹಾಕಿದಳು.

ಆಮೇಲೆ ನಾನು ಫೋನಿನಲ್ಲಿ ಹುಡುಕಿದ್ದೆಲ್ಲ ಬರೀ ಒಂದೇ. ಸುಳ್ಳಾಣೆ. ಓದಿದಷ್ಟೂ ಹೆದರಿಕೆ ಹೆಚ್ಚಾಯಿತು. ಹುಡುಕುವುದನ್ನೇ ಬಿಟ್ಟೆ.

ಅಜ್ಜಿ ಮಾತ್ರ ಖುಷಿಯಾಗಿದ್ದಳು. ಬೇಳೆ ಸಾರು ತಿನ್ನುತ್ತಾ ಹೇಳಿದಳು: "ಮೇಲಿನ ಓಣೀಲಿ ಒಬ್ಬ ಇದ್ದ, ನಿಮಗೆ ಗೊತ್ತಿಲ್ಲ. ಗೋಡೆ ಜಗಳಕ್ಕೆ ಸುಳ್ಳಾಣೆ ಮಾಡ್ದ. ಆ ಗೋಡೆ ಹಾಗೇ ನಿಂತಿದೆ, ಮನೇಲಿ ಒಬ್ರೂ ಉಳೀಲಿಲ್ಲ. ಮೊದ್ಲು ಮಗ, ಆಮೇಲೆ ಸೊಸೆ, ಆಮೇಲೆ—"

ಅಮ್ಮನ ಕೈಯಿಂದ ಸೌಟು ಜಾರಿ ಸಾರಿಗೆ ಬಿತ್ತು.

"ಏನೇ ಇದು, ಇವತ್ತು ಮೂರನೇ ಸಲ!" ಅಂದ ಅಪ್ಪ. "ಉಪ್ಪೂ ಹಾಕಿಲ್ಲ. ಹುಷಾರಿಲ್ವಾ?"

"ರೀ, ಲಲ್ಲಾ ಮೆನ್ನಾನಾಗೆ ಏನೋ ಒಂದು ಕೊಟ್ಟು ಮುಗಿಸ್ಬಿಡೋಣ. ನನ್ನ ಬಳೆ ಇದೆ."

"ಯಾಕೆ ಕೊಡ್ಬೇಕು? ಕದ್ದಿದೀವಾ?"

"ಹಾಗಲ್ಲ. ಅತ್ತೆಗೆ ಈ ವಯಸ್ಸಲ್ಲಿ ಕೋರ್ಟು..."

"ನನಗೇನು ವಯಸ್ಸು?" ಅಂದಳು ಅಜ್ಜಿ. "ಬಳೆ ಯಾಕೆ ಮಾರ್ತೀಯ, ನಾನು ಬಾಯಿ ತೆರೆದ್ರೆ ಮುಗೀತು. ಕೊಟ್ಟಿದ್ದೀವಿ ತಾನೆ?"

ಅಮ್ಮ ತಲೆ ಆಡಿಸಿದಳು. ಹೌದು ಅಂತಲೋ ಅಲ್ಲ ಅಂತಲೋ ನನಗೆ ತಿಳಿಯಲಿಲ್ಲ. ಅಜ್ಜಿಗೆ ತಿಳಿಯಿತೇನೋ, ಅವಳು ಅಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬ್ರೆಡ್ಡು ಮುರಿದಳು.

ಆ ಎರಡು ವಾರ ಮನೆಯಲ್ಲಿ ಯಾರು ಕೆಮ್ಮಿದರೂ ನಾನು ಓಡಿ ಹೋಗಿ ನೋಡುತ್ತಿದ್ದೆ. ಗಿಜ್ಲಾನ್ ಅಕ್ಕ ಬಸುರಿ. ಅವಳು ಫೋನ್ ಮಾಡಿದರೆ ಅಮ್ಮ ಮೊದಲು ಕೇಳುವುದು, "ಮಗು ಒದೀತಾ ಇದ್ಯಾ?" ಹೊತ್ತಿಗೊಂದು ಸಲ ಕೇಳಿ ಕೇಳಿ ಅಕ್ಕನಿಗೇ ಭಯ ಹುಟ್ಟಿಸಿದಳು.

ತಾರೀಖಿನ ಹಿಂದಿನ ದಿನ ಅಜ್ಜಿ ಹಮ್ಮಾಮಿನ ಹಬೆಸ್ನಾನಕ್ಕೆ ಹೊರಟಳು. ದೇವರ ಹೆಸರೆತ್ತುವ ಮುಂಚೆ ಮೈ ಶುದ್ಧವಾಗಿರಬೇಕಲ್ಲ. ಅಮ್ಮನೂ ನಾನೂ ಜೊತೆಗೆ ಹೋದೆವು. ಬಿಸಿ ಕೋಣೆಯಲ್ಲಿ ಹಬೆ ತುಂಬಿ ಎದುರಿನವರ ಮೂಗೂ ಕಾಣುತ್ತಿರಲಿಲ್ಲ. ಅಮ್ಮ ಅಜ್ಜಿಯ ಬೆನ್ನಿಗೆ ಕಪ್ಪು ಸೋಪು ಹಚ್ಚಿ ಕೈಗೆ ತೊಡುವ ಒರಟು ಚೀಲದಲ್ಲಿ ಉಜ್ಜುತ್ತಿದ್ದಳು. ನಾನು ಬಕೆಟ್ಟಿಗೆ ನೀರು ತರುತ್ತಿದ್ದೆ.

"ಅತ್ತೆ," ಅಂದಳು ಅಮ್ಮ. "ನಾಳೆ ಆಣೆ ಮಾಡ್ಬೇಡಿ."

"ಯಾಕೆ?"

"ನಾನು ಕೊಟ್ಟಿಲ್ಲ."

ನಾನು ಬಕೆಟ್ಟು ಹಿಡಿದು ಅಲ್ಲೇ ನಿಂತೆ. ಬಿಸಿನೀರು ಕಾಲ ಮೇಲೆ ಚೆಲ್ಲುತ್ತಿದ್ದರೂ ಕದಲಲಿಲ್ಲ. ಅಮ್ಮ ಎಲ್ಲ ಹೇಳಿದಳು, ತೂರಿಯಾ, ಬಸ್ಸು, ಬ್ಯಾಗು. ಹೇಳುವಾಗ ಉಜ್ಜುವುದನ್ನು ನಿಲ್ಲಿಸಲಿಲ್ಲ. ಅಜ್ಜಿಯ ಬೆನ್ನು ಕೆಂಪಾಗಿ ಹೋಯಿತು.

"ಸಾಕು," ಅಂದಳು ಅಜ್ಜಿ. "ಚರ್ಮ ಕಿತ್ತು ಬರತ್ತೆ."

"ಏನಾದ್ರೂ ಅನ್ನಿ ಅತ್ತೆ. ಹೊಡೀರಿ."

"ನೀರು ಹಾಕು."

ಅಷ್ಟೇ. ಮನೆಗೆ ಬಂದು ಚಹ ಕುಡಿದಳು, ಕಿತ್ತಳೆ ಸುಲಿದು ತಿಂದಳು, ಅಪ್ಪನ ಅಂಗಿಯ ಗುಂಡಿ ಹೊಲಿದಳು. ಅಮ್ಮ ಅವಳ ಹಿಂದೆ ಹಿಂದೆಯೇ ಸುತ್ತಿದಳು. ಅಜ್ಜಿ ಏನು ಮಾಡುತ್ತಾಳೆ? ಆಣೆ ಮಾಡಿಬಿಡುತ್ತಾಳಾ? ಎಲ್ಲರ ಎದುರು ಅಮ್ಮನ ಹೆಸರು ಹೇಳುತ್ತಾಳಾ? ಯಾವುದು ಆದರೂ ನಮ್ಮ ಮನೆ ಮುಗಿಯಿತು ಅಂತಲೇ ನನಗನ್ನಿಸುತ್ತಿತ್ತು.

ಕೋರ್ಟಿಗೆ ಅಜ್ಜಿ ಬಿಳಿ ಜೆಲ್ಲಾಬಾ ನಿಲುವಂಗಿ ಹಾಕಿಕೊಂಡು ಬಂದಳು. ಓಣಿಯ ಹೆಂಗಸರು ಎರಡು ಬೆಂಚು ತುಂಬಿದ್ದರು. ಮೆನ್ನಾನಾ ಒಬ್ಬಳೇ ಆ ಕಡೆ ಕೂತಿದ್ದಳು.

"ನಾನು ಹೇಳಿದ ಹಾಗೆ ಹೇಳಿ," ಅಂದಳು ನ್ಯಾಯಾಧೀಶೆ. "ಮಹಾಮಹಿಮನಾದ ದೇವರ ಮೇಲಾಣೆ..."

ಅಜ್ಜಿ ಮೆನ್ನಾನಾ ಕಡೆ ನೋಡಿದಳು.

"ಕೇಳಿಸ್ತಾ ಅಮ್ಮಾ?"

"ಕೇಳಿಸ್ತು ತಾಯಿ. ನಾನು ಆಣೆ ಮಾಡಲ್ಲ."

ಬೆಂಚಿನ ಮೇಲೆ ಗಾಳಿ ಬೀಸಿದ ಹಾಗೆ ಒಂದು ಸದ್ದು ಹಾದುಹೋಯಿತು. ಅಪ್ಪ ಅರ್ಧ ಎದ್ದು ಹಾಗೇ ನಿಂತ.

"ಮಾಡದಿದ್ರೆ ನೀವು ಸೋತ ಹಾಗೆ, ಗೊತ್ತಲ್ವಾ? ಬೇಕಿದ್ರೆ ಆಣೇನ ಅವರ ಮೇಲೇ ತಿರುಗಿಸ್ಬಹುದು. ಬಂದಿಲ್ಲ ಅಂತ ಅವರು ಆಣೆ ಮಾಡ್ಲಿ ಅಂತ ಕೇಳ್ಬಹುದು."

"ಬೇಡ. ಅವಳ ಮಾತೇ ನನಗೆ ಸಾಕು."

ಎದ್ದು ಕೂಗಿದವಳು ಮೆನ್ನಾನಾ. "ಮಾಡೇ ಬತೂಲ್! ಏನಾಯ್ತು ನಿನಗೆ? ಮಾಡು, ನಾನು ಎದ್ದು ಹೋಗ್ತೀನಿ ಅಂದಿಲ್ವಾ! ಇಷ್ಟು ಜನದ ಮುಂದೆ ಹೀಗೆ ನಿಲ್ತಾರೇನೇ?"

"ಕೂತ್ಕೋ ಮೆನ್ನಾನಾ. ನಿನಗೆ ರಕ್ತದೊತ್ತಡ," ಅಂದಳು ಅಜ್ಜಿ.

ನ್ಯಾಯಾಧೀಶೆ ಬರೆದಳು. ಡಾಬಿನ ಬೆಲೆಯನ್ನು ಕಂತಿನಲ್ಲಿ ಕೊಡಬೇಕು ಅಂತ ಓದಿದಳು. ಅಮ್ಮ ನನ್ನ ಪಕ್ಕ ಕಲ್ಲಿನ ಹಾಗೆ ಕೂತಿದ್ದಳು, ಬಾಯಿ ಮಾತ್ರ ಏನೋ ಹೇಳುವಂತೆ ತೆರೆದುಕೊಳ್ಳುತ್ತಿತ್ತು, ಮುಚ್ಚಿಕೊಳ್ಳುತ್ತಿತ್ತು.

ಅಪ್ಪ ಮನೆಯವರೆಗೂ ನಮಗಿಂತ ಮುಂದೆ ಮುಂದೆ ನಡೆದ. ಒಳಗೆ ಬಂದ ಮೇಲೆ ತಿರುಗಿದ.

"ಎಲ್ಲಮ್ಮ ಆ ಡಾಬು?"

"ಇಲ್ಲ."

"ಇಲ್ಲ ಅಂದ್ರೆ? ಮಾರಿದ್ಯಾ? ಯಾರಿಗೆ ಕೊಟ್ಟೆ?"

"ಕೋರ್ಟು ಮುಗೀತಲ್ಲ. ನೀನೊಂದು ಕೋರ್ಟು ಶುರು ಮಾಡ್ಬೇಡ."

"ನನ್ನ ಮಾನ ತೆಗೆದ್ಬಿಟ್ಯಲ್ಲಮ್ಮ!"

ಶುಕ್ರವಾರ ರವೆಯ ಕುಸ್ಕುಸ್ ಮಾಡಿದಾಗ ಅಪ್ಪ ಎಲ್ಲರೂ ಕೂಡಿ ಉಣ್ಣುವ ತಟ್ಟೆಗೆ ಕೈ ಹಾಕಲಿಲ್ಲ. ತನ್ನದನ್ನು ಬಟ್ಟಲಿಗೆ ಹಾಕಿಸಿಕೊಂಡು ಮೆಟ್ಟಿಲ ಮೇಲೆ ಕೂತು ತಿಂದ. ಅಜ್ಜಿ ತನ್ನ ಮುಂದಿನ ಮಾಂಸದ ತುಂಡನ್ನು ಎತ್ತಿ ಖಾಲಿ ಜಾಗದ ಕಡೆ ಸರಿಸಿದಳು. ಯಾರೂ ತೆಗೆದುಕೊಳ್ಳಲಿಲ್ಲ.

ಊರಿಗೆ ಹೋಗುವವರು ಬೀಗದ ಕೈ ಕೊಟ್ಟು ಹೋಗುತ್ತಿದ್ದುದು ಅಜ್ಜಿಯ ಹತ್ತಿರ. ಒಬ್ಬೊಬ್ಬರಾಗಿ ಬಂದರು. "ಏನಿಲ್ಲ ಲಲ್ಲಾ, ತಮ್ಮ ಬರ್ತಾನಂತೆ, ಅವನಿಗೊಂದು ಕೀ ಬೇಕಿತ್ತು." "ಬೀಗಾನೇ ಬದಲಾಯಿಸ್ತಿದೀವಿ ಲಲ್ಲಾ." ಅಜ್ಜಿ ಪ್ರತಿಯೊಬ್ಬರಿಗೂ ಕೀಲಿ ಕೊಟ್ಟು, ದೇವರು ಒಳ್ಳೇದು ಮಾಡ್ಲಿ ಅಂದಳು. ಅಮ್ಮ ಪ್ರತಿ ಸಲ ಬಾಗಿಲು ತೆರೆದು, ಬಂದವರಿಗೆ ದಾರಿ ಬಿಟ್ಟು, ಗೋಡೆಗೆ ಒರಗಿ ನಿಲ್ಲುತ್ತಿದ್ದಳು.

"ಹೇಳ್ಬಿಡ್ತೀನಿ ಅತ್ತೆ," ಅಂದಳು ಒಂದು ದಿನ ಅಡುಗೆಮನೆಯಲ್ಲಿ.

"ಸುಮ್ನಿರು. ನನಗೇನು, ಇನ್ನೆರಡು ದಿನ. ನಿನ್ನ ಸಂಸಾರ ಉದ್ದ ಇದೆ. ಈ ಹುಡುಗಿ ಮದ್ವೆ ಆಗ್ಬೇಕು."

"ನನ್ನ ನೆಪ ಯಾಕೆ?" ಅಂದೆ.

"ನೀನೂ ಸುಮ್ನಿರು."

ಆದರೆ ಚಹದಂಗಡಿ ಸುಮ್ಮನಿರಲಿಲ್ಲ. ಅಪ್ಪ ಹೋದರೆ ಮಾತು ನಿಲ್ಲುತ್ತಿತ್ತು. ಒಬ್ಬ ಕೇಳಿಯೇಬಿಟ್ಟನಂತೆ: "ಏನ್ ಬೂಶ್ತಾ, ಆಣೆ ಹಾಕಿದ್ಯಲ್ಲ? ಡಾಬು ನುಂಗಿದವಳು ಇನ್ನೂ ನಿನ್ನ ಸೂರಿನ ಕೆಳಗೇ ಮಲಗ್ತಾಳಾ? ತಾಯಿಗೆ ಬೇರೆ ಕಾನೂನಾ?"

ಅವತ್ತು ಅಪ್ಪ ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೇ ಮನೆಗೆ ಬಂದ. ಕೈಕಾಲು ತೊಳೆಯಲಿಲ್ಲ. ಅಂಗಿಯ ಮೇಲಿನ ಉಣ್ಣೆ ಕೊಡವಲಿಲ್ಲ.

"ಅಮ್ಮ, ಬಟ್ಟೆ ಕಟ್ಕೋ. ಅಣ್ಣನಿಗೆ ಫೋನ್ ಮಾಡಿದೀನಿ. ಈಗ ಹೊರಟ್ರೆ ಕೊನೇ ಬಸ್ಸು ಸಿಗತ್ತೆ."

ಅಜ್ಜಿ ಹುಟ್ಟಿದ್ದು ಈ ಓಣಿಯಲ್ಲಿ. ಮದುವೆಯಾಗಿ ಬಂದದ್ದು ಆರು ಬಾಗಿಲು ದಾಟಿ. ದೊಡ್ಡಪ್ಪನ ಮನೆ ಇರುವುದು ಕೆನಿತ್ರಾ ಪಟ್ಟಣದಲ್ಲಿ, ಐದನೇ ಮಹಡಿಯಲ್ಲಿ, ದೊಡ್ಡಮ್ಮನಿಗೆ ಇವಳನ್ನು ಕಂಡರಾಗದು. ಹೋದರೆ ಆ ಮೆಟ್ಟಿಲನ್ನು ಅಜ್ಜಿ ಮತ್ತೆ ಇಳಿಯುವುದಿಲ್ಲ ಅಂತ ನಮಗೆಲ್ಲ ಗೊತ್ತಿತ್ತು.

"ಎಷ್ಟು ದಿನಕ್ಕೆ?" ಅಂದಳು ಅಜ್ಜಿ.

ಅಪ್ಪ ನೆಲ ನೋಡಿದ. "ನಾನು ಆಡಿಬಿಟ್ಟಿದೀನಿ ಅಮ್ಮ. ಗಂಡಸರ ಮುಂದೆ. ಏನ್ ಮಾಡ್ಲಿ?"

ಅಜ್ಜಿ ಎದ್ದಳು. ಮೊಣಕಾಲು ನೋವಿಗೆ ಗೋಡೆ ಹಿಡಿದುಕೊಂಡು ಕೋಣೆಯ ಕಡೆ ಹೊರಟಳು. ಅಮ್ಮ ಒಲೆಯ ಮೇಲಿನ ಹರೀರಾ ಸಾರನ್ನು ಇಳಿಸಿದಳು. ಎರಡೂ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಅಂಗಳಕ್ಕೆ ಬಂದು ಅಪ್ಪನ ಎದುರು ನಿಂತಳು.

"ಅವರಲ್ಲ," ಅಂದಳು.

"ಮಹ್ಜೂಬಾ!" ಅಜ್ಜಿ ಕೋಣೆಯ ಬಾಗಿಲಿಂದಲೇ ಕಿರುಚಿದಳು. "ಬಾಯಿ ಮುಚ್ಚು!"

"ಅವರಲ್ಲ ರೀ. ನಾನು. ತೂರಿಯಾಗೆ ಕೊಟ್ಟೆ, ಅವಳು ಕಳೆದ್ಲು. ಅತ್ತೆಗೆ ಏನೂ ಗೊತ್ತಿರ್ಲಿಲ್ಲ. ಕೋರ್ಟಿನ ಹಿಂದಿನ ದಿನ ನಾನೇ ಹೇಳಿದೆ."

ಅಪ್ಪ ಅವಳನ್ನು ನೋಡಿದ. ಅಜ್ಜಿಯನ್ನು ನೋಡಿದ. ಕೈ ಮೇಲಕ್ಕೆ ಹೋಯಿತು. ಆ ಕೈ ಅವನ ತಲೆಯ ಮೇಲೆಯೇ ಬಂದು ಕೂತಿತು.

"ನನ್ನ ಹೆಸರು ಸುಟ್ಕೊಂಡು ಮುಚ್ಚಿದ್ದೆನಲ್ಲೇ!" ಅಜ್ಜಿ ಗೋಡೆ ಬಿಟ್ಟು ಬಂದು ಅಮ್ಮನ ಭುಜ ಹಿಡಿದು ಅಲ್ಲಾಡಿಸಿದಳು. "ಅದನ್ನ ತೆಗೆಯೋಕೆ ನೀನ್ಯಾರೇ? ಈಗ ಏನ್ ಮಾಡ್ತೀಯ? ಈಗ ಎಲ್ಲಿಗೆ ಹೋಗ್ತೀಯ?"

ಅಮ್ಮ ಮೊಳೆಗೆ ನೇತುಹಾಕಿದ್ದ ಜೆಲ್ಲಾಬಾ ತೆಗೆದು ಹಾಕಿಕೊಂಡಳು. ತೋಳು ತಪ್ಪಿ ತಪ್ಪಿ ತೂರಿಸಿದಳು. "ಸಾರು ಬಿಸಿ ಇದೆ," ಅಂದಳು. "ಹಸ್ನಾ, ಅಜ್ಜಿಗೆ ಮೊದಲು ಬಡಿಸು."

"ಎಲ್ಲಿಗೆ?" ಅಪ್ಪ ಕೇಳಿದ. ಅವನ ದನಿ ನನಗೆ ಗುರುತು ಸಿಗಲಿಲ್ಲ.

"ನೀವು ಆಡಿದೀರಲ್ಲ. ಈ ಸೂರಿನ ಕೆಳಗೆ ಆಗಲ್ಲ."

ಬಾಗಿಲು ತೆರೆದು ಹೊರಗೆ ಹೋದಳು. ನಾನು ಓಡಿದೆ. ಬ್ರೆಡ್ಡಿನ ಒಲೆಯ ಹತ್ತಿರ ಹೆಂಗಸರು ಬೇಯಿಸಲು ತಂದ ಹಿಟ್ಟಿನ ಹಲಗೆ ಹೊತ್ತು ನಿಂತಿದ್ದರು, ಎಲ್ಲರೂ ನೋಡುತ್ತಿದ್ದರು. ಅಮ್ಮ ಬಸ್ಸಿನ ಕಡೆ ಹೋಗಲಿಲ್ಲ. ಓಣಿ ದಾಟಿ ನೇರ ಎದುರು ಬಾಗಿಲಿಗೆ ಹೋಗಿ ತಟ್ಟಿದಳು.

ಮೆನ್ನಾನಾ ತೆರೆದಳು. ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ.

"ನಿಮ್ಮ ಡಾಬು ಕಳೆದವಳು ನಾನು," ಅಂದಳು ಅಮ್ಮ. ಒಲೆಯ ಹತ್ತಿರದವರಿಗೂ ಕೇಳುವ ಹಾಗೆ ಅಂದಳು. "ಅತ್ತೆ ಅಲ್ಲ. ನನ್ನ ತಂಗಿಗೆ ಕೊಟ್ಟು ಕಳೆದೆ. ಬೂಶ್ತಾ ಆಣೆ ಮಾಡಿದಾರೆ, ಈ ರಾತ್ರಿ ನನಗೆ ಮನೆ ಇಲ್ಲ. ನಿಮ್ಮ ಹೊಸ್ತಿಲಿಗೆ ಬಂದಿದೀನಿ ಲಲ್ಲಾ."

ಮೆನ್ನಾನಾ ಅಮ್ಮನ ಭುಜದ ಮೇಲಿಂದ ನಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಅಜ್ಜಿ ಚೌಕಟ್ಟು ಹಿಡಿದು ನಿಂತಿದ್ದಳು, ತಲೆಯ ಮೇಲೆ ಸ್ಕಾರ್ಫೂ ಇರಲಿಲ್ಲ.

"ಇದಕ್ಕಾ ನೀನು ಬಾಯಿ ಮುಚ್ಕೊಂಡಿದ್ದು ಬತೂಲ್?" ಮೆನ್ನಾನಾ ಓಣಿಯ ಈ ಕಡೆಯಿಂದ ಕೂಗಿದಳು. "ಮೂರ್ಖೆ! ನನಗೊಂದು ಮಾತು ಹೇಳಿದ್ರೆ ನಾನು ಕೋರ್ಟಿಗೆ ಹೋಗ್ತಿದ್ನಾ?"

"ನಾಚಿಕೆ ಆಗಿತ್ತು ಕಣೇ," ಅಂದಳು ಅಜ್ಜಿ. ಇಷ್ಟು ದಿನಕ್ಕೆ ಮೊದಲ ಸಲ ಅವಳು ಅತ್ತಳು.

ಮೆನ್ನಾನಾ ಅಮ್ಮನ ಕಡೆ ತಿರುಗಿದಳು. "ನೀನೇನು ನಡುಗ್ತಾ ನಿಂತಿದೀಯ? ಒಳಗೆ ಬಾ. ಇದ್ದಿದ್ದೊಂದು ಡಾಬು, ಅದೂ ಹೋಯ್ತು. ನನ್ನ ಮನೇಲಿ ಇನ್ನು ಕಳೆಯೋಕೆ ಏನೂ ಇಲ್ಲ. ಊಟ ಆಯ್ತಾ?"

ಅಮ್ಮ ಇಲ್ಲ ಅಂತ ತಲೆ ಆಡಿಸಿದಳು. ಮೆನ್ನಾನಾ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಳು.

ನಾನು ವಾಪಸು ಬಂದೆ. ಅಜ್ಜಿಯನ್ನು ದಾಟಿ ಅಪ್ಪ ಹೊಸ್ತಿಲವರೆಗೂ ಬಂದಿದ್ದ. ಚಹದಂಗಡಿಯಿಂದ ನಾಲ್ಕಾರು ಗಂಡಸರು ಓಣಿಯ ಮೂಲೆಗೆ ಬಂದು ನಿಂತಿದ್ದರು. ಅಪ್ಪ ಅವರನ್ನು ನೋಡಿದ. ಎದುರಿನ ಬಾಗಿಲು ನೋಡಿದ. ಅದು ತೆರೆದೇ ಇತ್ತು. ಒಳಗಿಂದ ಅಮ್ಮನ ಬಿಕ್ಕಳಿಕೆ, ಎಣ್ಣೆಗೆ ಬೆಳ್ಳುಳ್ಳಿ ಬಿದ್ದ ಸದ್ದು.

"ಬಾಗಿಲು ಹಾಕ್ಲಾ ಅಪ್ಪ?" ಅಂತ ಕೇಳಿದೆ.

ಅವನು ಒಂದು ಕಾಲು ಹೊಸ್ತಿಲಾಚೆ ಇಟ್ಟ. ಅಲ್ಲೇ ನಿಂತ.